ರೈಲಿಲ್ಲದ ಸೇತುವೆಯ ಮೇಲೆ ಒಂದು ವಾದ

ಚರ್ಚಾಸ್ಪರ್ಧೆಯಲ್ಲಿ ಪಳಗಿದವರನ್ನು ಚಾರಣಕ್ಕೆ ಕರೆದೊಯ್ಯಬಾರದು. ಅವರ ಕಾಲಿಗಿಂತ ಮೊದಲು ಬಾಯಿ ನಡೆಯುತ್ತದೆ. ಕಾಲೇಜಿನಲ್ಲಿ ಪರ, ವಿರೋಧ ಎರಡೂ ಕಡೆ ಮಾತಾಡಿ ಟ್ರೋಫಿ ಗೆದ್ದವಳು ನಾನು. ಆ ಟ್ರೋಫಿಯಲ್ಲಿ ಅವ್ವ ಈಗ ಚಮಚ ಇಡುತ್ತಾಳೆ. ನನ್ನ ಚಟ ಮಾತ್ರ ಹೋಗಿಲ್ಲ. ಹಾಲಿನವನು “ನೀರು ಹಾಕಿಲ್ರಿ” ಎಂದರೂ ಆಧಾರ ಕೇಳುತ್ತೇನೆ.

ಕಳೆದ ರವಿವಾರ ಗೋಕಾಕದ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಹಳೆಯ ರೈಲುದಾರಿಯಲ್ಲಿ ನಡೆಯಲು ಹೊರಟೆವು. ಹಿಂದೆ ಹತ್ತಿ ತುಂಬಿದ ಸಣ್ಣ ರೈಲುಗಾಡಿ ಓಡುತ್ತಿದ್ದ ದಾರಿ. ಹಳಿ ಕಿತ್ತು, ಮಣ್ಣು ಹಾಕಿ, ಅಲ್ಲಲ್ಲಿ ಬೆಂಚು ಇಟ್ಟು ಈಗ ನಡಿಗೆಯ ದಾರಿ ಮಾಡಿದ್ದಾರೆ. ಅದರ ಬದಿಯಲ್ಲೇ ಹುಟ್ಟಿ ಬೆಳೆದು, ಅಂಕಲಗಿಗೆ ಮದುವೆಯಾಗಿ ಹೋದ ಅವ್ವನ ತಂಗಿ, ನನ್ನ ಚಿಗವ್ವನೂ ಬಂದಿದ್ದಳು, ತಲೆಯ ಮೇಲೆ ರೊಟ್ಟಿಬುತ್ತಿ ಹೊತ್ತು.

ಹಳ್ಳದ ಮೇಲಿನ ಕಬ್ಬಿಣದ ಸೇತುವೆ ಬಂತು. ಒಂದು ಗಾಡಿ ಹಿಡಿಸುವಷ್ಟೇ ಅಗಲ, ಕೆಳಗೆ ಬರೀ ಬಂಡೆ, ಆಚೆ ತುದಿ ಜಾಲಿಕಂಟಿಯ ತಿರುವಿನಲ್ಲಿ ಮರೆ. ಚಿಗವ್ವ ಗಕ್ಕನೆ ನಿಂತು ಎರಡೂ ಕಡೆ ಕತ್ತು ತಿರುಗಿಸಿ ಕಿವಿಗೊಟ್ಟಳು. ಅವಳ ಹಿಂದೆ ಇಡೀ ಓಣಿ ನಿಂತಿತು.

“ಯಾಕ ನಿಂತಿ ಚಿಗವ್ವ?”

“ಗಾಡಿ ಬಂದೀತವ್ವ. ಸಣ್ಣಾಕಿ ಇದ್ದಾಗಿಂದ ಇಲ್ಲೆ ನಿಂತು, ನೋಡೇ ದಾಟೂದು.”

ನನ್ನೊಳಗಿನ ಟ್ರೋಫಿ ಎದ್ದು ಕೂತಿತು. “ಹಳಿ ಇಲ್ಲ. ಹಳಿ ಇಲ್ಲದ ಮ್ಯಾಲೆ ರೈಲಿಲ್ಲ. ರೈಲಿಲ್ಲದ ಮ್ಯಾಲೆ ನೋಡೂದು ಯಾತಕ್ಕ? ಇದು ರೂಢಿ ಚಿಗವ್ವ, ಬುದ್ಧಿ ಅಲ್ಲ!”

ಬಾಜೂಮನೆಯ ಹಿರಿಯ ಹೆಂಗಸು ಕಾಕು ಚಪ್ಪಾಳೆ ತಟ್ಟಿದರು. ಚಿಗವ್ವ ಮಾತ್ರ ತಿರುವಿನತ್ತ ಕಿವಿಗೊಟ್ಟು ನಿಂತೇ ಇದ್ದಳು. ನನ್ನ ವಾದಕ್ಕೆ ನಾನೇ ಸಾಕ್ಷಿ ಎಂದು ಒಬ್ಬಳೇ ಮುಂದೆ ನಡೆದೆ.

ನಡುವೆ ತಲುಪಿದಾಗ ಕಾಲ ಕೆಳಗಿನ ಕಬ್ಬಿಣ ನಡುಗಿತು. ಹಳಿ ಇಲ್ಲ, ರೈಲಿಲ್ಲ ಎಂದು ಮನಸ್ಸಿನಲ್ಲೇ ಮತ್ತೊಮ್ಮೆ ಮಂಡಿಸಿದೆ, ನಡುಕ ಒಪ್ಪಲಿಲ್ಲ. ತಿರುವಿನಿಂದ ಎಮ್ಮೆಗಳು ನುಗ್ಗಿದವು. ಒಂದರ ಹಿಂದೊಂದು, ರೈಲಿನ ಡಬ್ಬಿಗಳ ಹಾಗೆ. ಹಿಂದಿನಿಂದ ನಾಯಿಯೊಂದು ಬೊಗಳಿ ಅಟ್ಟುತ್ತಿತ್ತು. ಇನ್ನೂ ಆಚೆಯಿಂದ ಯಾರೋ “ಬಾಜೂಕ ಸರೀರಿ!” ಎಂದು ಕೂಗಿದರು. ಸರಿಯಲು ಬಾಜೂ ಎಲ್ಲಿದೆ? ಹಿಂದಕ್ಕೆ ಓಡೋಣವೆಂದರೆ ಅರ್ಧ ಸೇತುವೆ ಉಳಿದಿತ್ತು. ಕಿರುಚಲು ಬಾಯಿ ತೆರೆದೆ. ಹುಟ್ಟಿದ ಮೇಲೆ ಮೊದಲ ಸಲ ಮಾತು ಬರಲಿಲ್ಲ.

“ಎಡಕ್ಕ ಗೂಡ ಐತಿ ನೋಡ! ಹೊಕ್ಕೋ ಅದರಾಗ!” ಚಿಗವ್ವನ ದನಿ.

ಗಾಡಿ ಬಂದಾಗ ಕೆಲಸದವರು ಸರಿದು ನಿಲ್ಲಲೆಂದು ಹೊರಕ್ಕೆ ಚಾಚಿ ಕಟ್ಟಿದ, ಒಬ್ಬರೇ ಹಿಡಿಸುವ ಕಂಬಿಯ ಗೂಡು. ಕೋರ್ಟಿನ ಕಟಕಟೆಯಂತಿತ್ತು, ಹೊಕ್ಕು ಆರೋಪಿಯಂತೆ ನಿಂತೆ. ಎಮ್ಮೆಗಳು ಒಂದೊಂದಾಗಿ ನನ್ನ ಹೊಟ್ಟೆಗೆ ಮೈ ಉಜ್ಜಿಕೊಂಡು ಹೋದವು. ಹಿಂದೆ, ನಾವು ಬಂದ ತುದಿಯಲ್ಲಿ, ಇಡೀ ಓಣಿ ದಾರಿ ಬಿಟ್ಟು ಕಂಟಿಯೊಳಗೆ ಸರಿದಿತ್ತು.

ಎಲ್ಲರೂ ದಾಟಿ ಸೇತುವೆಯ ಆಚೆ ತುದಿಯಲ್ಲಿ ಬುತ್ತಿ ಬಿಚ್ಚಿದಾಗ, ರೊಟ್ಟಿ ಮುರಿದು “ರೈಲಂತೂ ಬರಲಿಲ್ಲ” ಎಂದೆ.

“ಖರೆ” ಎಂದು ಚಿಗವ್ವ ಇನ್ನಷ್ಟು ಶೇಂಗಾ ಚಟ್ನಿ ಹಾಕಿದಳು.

ಮರಳುವಾಗ ಅದೇ ಸೇತುವೆ. ಈ ಸಲ ಚಿಗವ್ವ ನಿಲ್ಲದೆ ಸರಸರನೆ ಹೊರಟಳು. ನಾನು ಸೆರಗು ಹಿಡಿದೆಳೆದೆ. “ನಿಂದ್ರು! ನೋಡಿ ದಾಟಬೇಕು!”

“ಯಾತಕ್ಕ? ಹಳಿ ಇಲ್ಲ, ರೈಲಿಲ್ಲ. ನೀ ಹೇಳಿದ್ದು ನಾ ಒಪ್ಪಿಕೊಂಡೆನವ್ವ.”

ನನ್ನ ವಾದವನ್ನು ನಾನೇ ಖಂಡಿಸತೊಡಗಿದೆ. ನೋಡುವುದು ರೈಲಿಗಾಗಿಯಲ್ಲ, ಎದುರಿಗೆ ಬರಬಹುದಾದ ಯಾವುದಕ್ಕಾದರೂ ಎಂದೆ. ರೂಢಿಯೊಳಗೂ ಬುದ್ಧಿ ಇರಬಹುದು ಎಂದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಚಿಗವ್ವ ಸೆರಗು ಬಿಡಿಸಿಕೊಂಡಳು. “ದಾಟಿದ ಮ್ಯಾಲೆ ಕೇಳ್ತೇನಿ. ನೀ ಮಾತಾಡ್ಕೋತ ನಿಧಾನಕ ಬಾ.”

ಎಲ್ಲರೂ ದಾಟಿದರು, ನಾನೊಬ್ಬಳೇ ಈಚೆ ತುದಿಯಲ್ಲಿ ಎರಡೂ ಕಡೆ ಕತ್ತು ತಿರುಗಿಸುತ್ತ ನಿಂತಿದ್ದೆ. ಬೆಳಿಗ್ಗೆ ಚಪ್ಪಾಳೆ ತಟ್ಟಿದ ಕಾಕು ಆ ತುದಿಯಿಂದ ಕೂಗಿದರು: “ಏನವ್ವಾ, ಗಾಡಿ ಹೋತೇನ?”

“ಇನ್ನಾ ನೋಡಾಕತ್ತೇನ್ರಿ!” ಎಂದೆ.