ಮೂಲೆಯಲ್ಲಿ ಒಂದು ಹೆಸರು

ನನಗೆ ಹೆಸರಿನ ಹುಚ್ಚಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದಲ್ಲ, ನಮ್ಮ ಅಡುಗೆಮನೆಯದು. ವಿದ್ಯಾನಗರದ ನಮ್ಮ ಮನೆಯ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಯಜಮಾನರ ಹೆಸರೋ ಮಾವನವರ ಹೆಸರೋ ಕೆತ್ತಿದೆ. ಒಂದು ಸೌಟಿನ ಮೇಲೂ ನನ್ನದಿಲ್ಲ. ಮದುವೆಯಾದಾಗಿನಿಂದ ಅವನ್ನು ತಿಕ್ಕಿ ಬೆಳಗಿದವಳು ಮಾತ್ರ ನಾನು.

ಹಾಗಾಗಿ, ಈ ವಯಸ್ಸಿನಲ್ಲಿ ಚಿತ್ರಕಲೆ ಕಲಿಯಲು ಸೇರಿದ ಮೇಲೆ, ಐನೂರು ವರ್ಷಗಳ ಹಿಂದೆ ಯುರೋಪಿನ ಫ್ಲಾಂಡರ್ಸ್ ನಾಡಿನ ಹೆಂಗಸೊಬ್ಬಳು ಬರೆದ ಭಾವಚಿತ್ರವನ್ನು ಮೇಷ್ಟ್ರು ಮೊಬೈಲಿನಲ್ಲಿ ತೋರಿಸಿದಾಗ ನನ್ನ ಕಣ್ಣು ಹೋದದ್ದು ಅದರ ಮೂಲೆಗೆ. ಕಪ್ಪು ನಿಲುವಂಗಿ ತೊಟ್ಟು, ಪುಟ್ಟ ನಾಯಿಯನ್ನು ಹಿಡಿದು ಕೂತ ಗಂಭೀರ ಗೃಹಿಣಿಯ ಪಕ್ಕದಲ್ಲಿ, ಇದನ್ನು ಬರೆದವಳು ನಾನು ಎಂದು ಆಕೆ ತನ್ನ ಹೆಸರು ಹಾಕಿದ್ದಳಂತೆ. ಹೆಂಗಸರು ಕುಂಚ ಹಿಡಿಯುವುದೇ ಅಪರೂಪವಾಗಿದ್ದ ಕಾಲ ಅದು. ನನಗೆ ಅವಳ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಇದನ್ನೇ ನೋಡಿ ಬರೆದು, ಮೂಲೆಯಲ್ಲಿ ನನ್ನ ಹೆಸರು ಹಾಕಿ, ಶಾಮನೂರಿನಲ್ಲಿ ಹೊಸ ಮನೆ ಕಟ್ಟಿಸಿದ ನಾದಿನಿಗೆ ಕೊಟ್ಟೇ ತೀರುತ್ತೇನೆಂದು ಹಟ ತೊಟ್ಟೆ. ಮೂರು ತಿಂಗಳು ಹಿಡಿಯಿತು. ನಾಯಿ ಮೊಲದ ಹಾಗೆ ಬಂತು, ಬಿಡಿ. ಹೆಸರು ಮಾತ್ರ ಮುದ್ದಾಗಿ ಬಂತು.

ಹರಿಹರದಲ್ಲಿ ಯಜಮಾನರ ಪರಿಚಯದವನ ಅಂಗಡಿಯಲ್ಲಿ ಕಟ್ಟು ಹಾಕಲು ಕೊಟ್ಟಿದ್ದೆ. ಗೃಹಪ್ರವೇಶದ ಹಿಂದಿನ ದಿನ ತರಲು ಹೋದರೆ ನನ್ನ ಹೆಸರು ಕಟ್ಟಿನೊಳಗೆ ಮುಚ್ಚಿಹೋಗಿತ್ತು. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಯಜಮಾನರ ಹೆಸರು ಹೊಳೆಯುತ್ತಿತ್ತು.

"ಬರಹ ಕಂಡ್ರೆ ಚಂದ ಇರಲ್ಲ ಅಂತ ಒಳಗೆ ಹಾಕೀನ್ರಿ ಅಕ್ಕಾರ. ಉಡುಗೊರೆ ಅಂದ್ರಲ್ಲ, ಸಾಹೇಬ್ರ ಹೆಸರು ನಾನೇ ಹಾಕ್ಸೀನಿ," ಎಂದ ಅಂಗಡಿಯವನು.

"ಬಿಚ್ರಿ," ಎಂದೆ.

"ಇವತ್ತು ಆಗಲ್ರಿ."

"ಆಗೋತನಕ ಇಲ್ಲೇ ಕುಂತಿರ್ತೀನಿ."

ಕೂತೆ. ಎರಡು ಸಲ ಚಹಾ ತರಿಸಿ ನೋಡಿದ, ಏಳಲಿಲ್ಲ. ಮೂರು ಗಂಟೆಯ ಮೇಲೆ ಪಟ್ಟಿ ಕಿತ್ತು, ಮೂಲೆ ಕಾಣುವಂತೆ ಕಟ್ಟಿಕೊಟ್ಟ.

ಮರುದಿನ ನಾದಿನಿಯ ಅತ್ತೆ ಚಿತ್ರದ ಮುಂದೆ ನಿಂತು, "ಯಾರಮ್ಮ ಈಕೆ?" ಎಂದರು. ನಾನು ಕಥೆಯನ್ನೆಲ್ಲ ಹೇಳಿದೆ. ಬರೆದವಳು ಯಾವ ದೇಶದವಳು, ಹೆಂಗಸರ ಹೆಸರನ್ನು ಯಾರೂ ಕೇಳದ ಕಾಲದಲ್ಲಿ ಎಷ್ಟು ಧೈರ್ಯದಿಂದ ಮೂಲೆಯಲ್ಲಿ ತನ್ನ ಹೆಸರು ಹಾಕಿದಳು ಎಂದು ಹೇಳುವಾಗ ನನ್ನ ಕಣ್ಣೇ ತುಂಬಿತು. ಅವರು ಕನ್ನಡಕ ಏರಿಸಿ ಮೂಲೆಗೆ ಬಗ್ಗಿದರು.

"ಎಲ್ಲೈತೆ ಆಕೆ ಹೆಸರು? ಇಲ್ಲಿ ನಿಂದೇ ಐತಲ್ಲ."

ಅಷ್ಟರಲ್ಲಿ ಊಟಕ್ಕೆ ಕರೆದರು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆಕೆಯ ಹೆಸರು ಬರೆದೇ ಬರುತ್ತೇನೆಂದು ಮಾರನೆಯ ದಿನ ಕುಂಚ, ಬಣ್ಣ ಹಿಡಿದು ಮತ್ತೆ ಶಾಮನೂರಿನ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮೂಲೆಯಲ್ಲಿ ಜಾಗವೇ ಇಲ್ಲ. ನನ್ನದನ್ನು ಅಷ್ಟು ದೊಡ್ಡದಾಗಿ ಬರೆದಿದ್ದೆ.