ಐದಕ್ಕೆ ನಾಲ್ಕರ ಬಹುಮತ

ಬಹುಮತ ಇದ್ದವರ ಕೆಲಸ ಸಲೀಸು ಅನ್ನುವವರು ದೆಹಲಿ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮೀಟಿಂಗಿಗೆ ಒಮ್ಮೆ ಬರಬೇಕು. ಒಂಬತ್ತು ಜನರ ಕಮಿಟಿಯಲ್ಲಿ ನಾವು ಐವರು, ಅವರು ನಾಲ್ವರು, ನಾನು ಸೆಕ್ರೆಟರಿ. ಲಿಫ್ಟ್ ಕೆಟ್ಟು ಕೂತಿತ್ತು. ಮಂಡಿನೋವಿನ ನನ್ನ ಹೆಂಡತಿ ಆರನೇ ಮಹಡಿಯಿಂದ ಕೆಳಗಿಳಿಯದೆ ಎಷ್ಟೋ ದಿನವಾಗಿತ್ತು. ಎದುರು ಗುಂಪಿನ ನಾಯಕರು ಕಾನ್ಪುರ ಕಡೆಯ ನಿವೃತ್ತ ಅಧಿಕಾರಿ. ಹೊಸ ಲಿಫ್ಟ್ ಬೇಡವೆಂದು ಅವರೂ ಹೇಳುತ್ತಿರಲಿಲ್ಲ. ನಾವು ತಂದ ಠರಾವು ಪಾಸಾಗಬಾರದು, ಅಷ್ಟೆ.

೧. ದೋಸೆಯ ಹೊತ್ತು

ಮೊದಲ ಮೀಟಿಂಗಿನಲ್ಲಿ ಅಧಿಕಾರಿ ಎದ್ದು, ಹಿಂದಿನ ಸಭೆಯ ನಡಾವಳಿ ಪೂರ್ತಿ ಓದಬೇಕು, ನಿಯಮವಿದೆ ಅಂದರು. ಓದಿದೆ. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಅಂದರು. ಅಷ್ಟರಲ್ಲಿ ನಮ್ಮ ಐವರಲ್ಲೊಬ್ಬರಾದ ಉಡುಪಿ ಕಡೆಯ ಹೋಟೆಲಿನವರು ಎದ್ದುನಿಂತರು.

"ಸಂಜೆ ಗಿರಾಕಿಗಳು ಬರುವ ಹೊತ್ತು ಮಾರಾಯ್ರೆ, ನಾನು ಹೊರಟೆ."

ಉಳಿದದ್ದು ನಾಲ್ಕಕ್ಕೆ ನಾಲ್ಕು. ಸಮವಾದರೆ ಮುಂದೂಡಬೇಕೆಂಬುದು ನಮ್ಮ ನಿಯಮ. ಒಂದು ಮಸಾಲೆ ದೋಸೆಗೆ ನಮ್ಮ ಬಹುಮತ ಬಿದ್ದುಹೋಯಿತು.

೨. ತಿಂದು ವಾಕ್‌ಔಟ್

ಮುಂದಿನ ಸಲ ಹೋಟೆಲಿನವರು ಎದ್ದುಹೋಗದಿರಲೆಂದು ಮೀಟಿಂಗನ್ನು ಅವರ ಹೋಟೆಲಿನಲ್ಲೇ ಇಟ್ಟೆವು. ಒಂಬತ್ತೂ ಜನ ಹಾಜರ್. ಇಡ್ಲಿ, ವಡೆ, ಕಾಫಿ ಆಯಿತು. ನಾನು ಲಿಫ್ಟಿನ ಮಾತೆತ್ತಿದ್ದೇ ತಡ, ಎದುರಿನ ನಾಲ್ವರೂ ಪ್ರತಿಭಟಿಸಿ ಹೊರನಡೆದರು. ಸಭೆಗೆ ಏಳು ಜನ ಬೇಕು. ಕೋರಂ ಇಲ್ಲದೆ ನಮ್ಮ ಐದು ಓಟು ತಟ್ಟೆಯ ಮುಂದೆ ಸುಮ್ಮನೆ ಕೂತವು.

ಬಾಗಿಲ ತನಕ ಹೋದ ಅಧಿಕಾರಿ ತಿರುಗಿ ಬಂದರು. ಮನಸ್ಸು ಕರಗಿತೇನೋ ಎಂದು ನನಗೆ ಆಸೆ. ಮನೆಯವರಿಗೆ ಎರಡು ವಡೆ ಪಾರ್ಸೆಲ್ ಕೇಳಿ, ತೆಗೆದುಕೊಂಡು ಮತ್ತೆ ವಾಕ್‌ಔಟ್ ಮಾಡಿದರು.

೩. ವಿರೋಧಕ್ಕೊಬ್ಬರು ಬೇಕು

ಹೋಟೆಲಿನವರು ಫರೀದಾಬಾದಿನಲ್ಲಿ ಇನ್ನೊಂದು ಹೋಟೆಲು ತೆರೆದು ಅಲ್ಲಿಗೇ ಹೋದರು. ಆ ಜಾಗಕ್ಕೆ ಎದುರು ಗುಂಪಿನವರೇ ಆರಿಸಿಬಂದರು. ಈಗ ಅವರು ಐವರು, ನಾವು ನಾಲ್ವರು. ಲಿಫ್ಟಿನ ಕಥೆ ಮುಗಿಯಿತು ಅಂದುಕೊಂಡೆ.

ಆದರೆ ಅಧಿಕಾರಿ ಮೊದಲ ಮೀಟಿಂಗಿನಲ್ಲೇ ನಮ್ಮ ಠರಾವನ್ನು ಒಂದಕ್ಷರ ಬದಲಿಸದೆ ತಂದರು. ನಾವು ನಾಲ್ವರೂ ಸಂತೋಷದಿಂದ ಕೈ ಎತ್ತಿದೆವು. ಅದನ್ನು ಕಂಡದ್ದೇ ಅವರ ಗುಂಪಿನವರಿಗೆ ಅನುಮಾನ. ಇವರು ಒಪ್ಪುತ್ತಾರೆ ಅಂದರೆ ಇದರಲ್ಲೇನೋ ಇದೆ, ಮುಂದೂಡೋಣ ಎಂದು ಗುಸುಗುಸು ಶುರುವಾಯಿತು.

ಅಧಿಕಾರಿ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ಹಿಂದಿಯಲ್ಲಿ ಬೇಡಿಕೊಂಡರು. "ಯಾರಾದರೂ ಒಬ್ಬರು ವಿರೋಧಿಸಿ ಸಾಹೇಬರೆ. ಇಲ್ಲದಿದ್ದರೆ ನಮ್ಮವರು ಓಟು ಹಾಕೋದಿಲ್ಲ."

ನಾನು ಎದ್ದು, ಈ ಲಿಫ್ಟನ್ನು ಖಂಡಿತ ವಿರೋಧಿಸುತ್ತೇನೆ ಅಂದೆ. ತಕ್ಷಣ ಅವರ ಐದೂ ಕೈ ಮೇಲೆದ್ದವು. ಠರಾವು ಪಾಸಾಯಿತು, ನನಗೆ ಹೋದ ಜೀವ ಬಂದಂತಾಯಿತು.

ಈಗ ನನ್ನ ಹೆಂಡತಿ ದಿನಾ ಸಂಜೆ ಲಿಫ್ಟಿನಲ್ಲಿ ಇಳಿದು ಪಾರ್ಕಿಗೆ ಹೋಗುತ್ತಾಳೆ. ಅಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾಳೆ: "ಇಡೀ ಕಮಿಟಿಯಲ್ಲಿ ಇದು ಬೇಡ ಅಂದವರು ನಮ್ಮನೆಯವರೊಬ್ಬರೇ."