ಗೇಟಿನಲ್ಲಿ ಸಿಕ್ಕ ಬಂಗಾರದ ನೀರು

ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶ, ಗರ್ಭಕೋಶ. ಈ ನಾಲ್ಕು ಪದಗಳನ್ನು ನಾಚದೆ ಉಚ್ಚರಿಸಬಲ್ಲ ಗಂಡಸು ಇಡೀ ಬಂಗಾರಪೇಟೆಯಲ್ಲಿ ನಾನೊಬ್ಬನೇ ಎಂದು ಐವತ್ತೆಂಟನೇ ಇಸವಿಯಲ್ಲಿ ನನಗೆ ಗಟ್ಟಿ ನಂಬಿಕೆಯಿತ್ತು! ಚಿನ್ನದ ಗಣಿಗೆ ಗುಮಾಸ್ತಿಕೆಗೆ ಹೋಗುವ ರೈಲಿನಲ್ಲಿ ಆರೋಗ್ಯದ ಕಿರುಪುಸ್ತಕವೊಂದನ್ನು ಬಾಯಿಪಾಠ ಮಾಡಿದ್ದೆ. ಮನಸ್ಸಿನಲ್ಲೇ ಮಾಡಿದ್ದೆ ಎನ್ನುವುದು ಬೇರೆ ಮಾತು.

ಓದಿದ್ದು ಹೆಂಡತಿಗಾಗಿ. ಕಾಮಸಮುದ್ರದ ಕಡೆಯ ಆದಿಲಕ್ಷ್ಮಿ ಒಂದು ತಿಂಗಳಿಂದ ಹೊಟ್ಟೆನೋವು ಎನ್ನುತ್ತಿದ್ದಳು. ಓಮದ ಕಷಾಯಕ್ಕೂ ಬಗ್ಗಲಿಲ್ಲ. ಒತ್ತಾಯ ಮಾಡಿ ಕೇಳಿದಾಗ ಗೋಡೆಗೆ ಮುಖ ಮಾಡಿ, ಹಿತ್ತಲಿಗೆ ಹೋದರೆ ಉರಿಯುತ್ತದೆ ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಮಕ್ಕಳಾಗೋ ಜಾಗ ಕೆಟ್ಟೋಗೈತೇನೋ ಅಂತ ಭಯ" ಎಂದಳು.

ಮದುವೆಯಾಗಿ ಮೂರು ವರ್ಷವಾಗಿತ್ತು. ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ನನಗೂ ಅದೇ ಭಯ. ಆದರೂ ಪಂಡಿತನಲ್ಲವೇ! ಮೂತ್ರಕೋಶ ಬೇರೆ, ಗರ್ಭಕೋಶ ಬೇರೆ, ಅಕ್ಕಪಕ್ಕದ ಮನೆಗಳು ಅಷ್ಟೇ ಎಂದು ವಿವರಿಸಿದೆ.

"ಪಕ್ಕದ ಮನೆಗೆ ಬೆಂಕಿ ಬಿದ್ರೆ ನಮ್ಮನೆ ಉಳೀತೈತಾ?" ಎಂದಳು.

ಕಿರುಪುಸ್ತಕವನ್ನು ಮುಚ್ಚಿಟ್ಟೆ. ಗಣಿಯ ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸೋಣ, ಅಲ್ಲಿ ಹೇಳಬೇಕಾದ್ದನ್ನೆಲ್ಲ ನಾನೇ ಹೇಳುತ್ತೇನೆ, ನೀನು ಬಾಯಿಯೇ ಬಿಡಬೇಡ ಎಂದು ಅಭಯ ಕೊಟ್ಟೆ.

ಬೆಳಗಿನ ಮೊದಲ ಮೂತ್ರವನ್ನು ಸೀಸೆಯಲ್ಲಿ ತರಬೇಕೆಂದು ಆಸ್ಪತ್ರೆಯ ನರ್ಸಮ್ಮ ತಿಳಿಸಿದ್ದರು. ಅದನ್ನು ಹಿಡಿದು ರೈಲಿನ ಹೆಂಗಸರ ಡಬ್ಬಿಯಲ್ಲಿ ಕೂರಲು ಆದಿಲಕ್ಷ್ಮಿ ಸುತರಾಂ ಒಪ್ಪಲಿಲ್ಲ. ನಾನೇ ಊಟದ ಚೀಲದಲ್ಲಿಟ್ಟುಕೊಂಡು ಮೊದಲ ರೈಲಿಗೆ ಹೊರಟೆ. ಅವಳು ಮುಂದಿನ ರೈಲಿಗೆ ಬಂದು ಗೇಟಿನ ಹೊರಗೆ ಕಾಯುವುದು, ಹತ್ತಕ್ಕೆ ನಾನು ಅಪ್ಪಣೆ ಪಡೆದು ಹೊರಬರುವುದು ಎಂದು ತೀರ್ಮಾನವಾಯಿತು.

ಚಿನ್ನ ತೆಗೆಯುವ ಕಾರ್ಖಾನೆಯ ಗೇಟು ಅದು. ಒಳಗೆ ಹೋಗುವಾಗ ಯಾರೂ ಕೇಳರು, ಹೊರಗೆ ಬರುವಾಗ ಉಗುರಿನ ಸಂದಿಯನ್ನೂ ಬಿಡರು. ನಾಲ್ಕು ವರ್ಷ ದಿನವೂ ತಡಕಿಸಿಕೊಂಡ ನಾನು ಅದೊಂದನ್ನೇ ಮರೆತಿದ್ದೆ!

ಹತ್ತಕ್ಕೆ ನಾನು ಹೊರಬರುವಾಗ ಕಾವಲಿನ ಸೀನಪ್ಪ ಚೀಲದಿಂದ ಸೀಸೆಯನ್ನು ಎತ್ತಿ ಬಿಸಿಲಿಗೆ ಹಿಡಿದ. ಹಳದಿ ನೀರು ಫಳಫಳ ಹೊಳೆಯಿತು. ಚಿನ್ನವನ್ನು ರಾಸಾಯನಿಕದ ನೀರಿನಲ್ಲಿ ಕರಗಿಸುವ ಕಾರ್ಖಾನೆಯೊಳಗಿಂದ ಹೊರಗೆ ಹೊರಟ ಹಳದಿ ನೀರು!

"ಇದೇನು ಸ್ವಾಮಿ?"

ನಾಲ್ಕೂ ಪದಗಳು ಗಂಟಲವರೆಗೆ ಬಂದು ಹಾಗೇ ಹಿಂದಿರುಗಿದವು. ಕಷಾಯ ಎಂದೆ.

"ಅಂಗಾರೆ ಒಂದು ಗುಟುಕು ಕುಡೀರಿ."

ಇವತ್ತು ಉಪವಾಸ ಎಂದೆ. ಅದೇ ಚೀಲದಿಂದ ಚಿತ್ರಾನ್ನದ ವಾಸನೆ ಬರುತ್ತಿತ್ತು.

ಸೀನಪ್ಪ ಸೀಟಿ ಊದಿದ. ಗುಮಾಸ್ತ ಬಂಗಾರದ ನೀರು ಕದ್ದು ಸಿಕ್ಕಿಬಿದ್ದನಂತೆ ಎಂದು ಇಪ್ಪತ್ತು ಜನ ಕೂಡಿದರು. ಸಾಹೇಬರನ್ನು ಕರೆಯಲು ಒಬ್ಬ ಓಡಿದ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಆದರೂ ಅವಳ ಗುಟ್ಟನ್ನು ಇಪ್ಪತ್ತು ಗಂಡಸರ ಮುಂದೆ ಹೇಗೆ ಆಡುವುದು ಎಂದು ಸುಮ್ಮನಿದ್ದೆ. ಹಾಗಂತ ಈಗಲೂ ಹೇಳಿಕೊಳ್ಳುತ್ತೇನೆ.

ಅಷ್ಟರಲ್ಲಿ ತಲೆಯ ಮೇಲೆ ಸೆರಗು ಹೊದ್ದು ಆದಿಲಕ್ಷ್ಮಿ ಗೇಟಿನ ಬಳಿ ಬಂದಳು. ಸೀನಪ್ಪನತ್ತ ತಿರುಗಿ ಗಟ್ಟಿಯಾಗಿ ಹೇಳಿದಳು:

"ಅಣ್ಣಾ, ಅದು ನನ್ನ ಉಚ್ಚೆ. ಉರಿ ಆಗ್ತೈತೆ, ಡಾಕ್ಟರಮ್ಮಂಗೆ ತೋರ್ಸೋಕೆ ತಂದಿರೋದು. ಅವರನ್ನ ಬಿಟ್ಬಿಡಿ."

ಯಾರೂ ನಗಲಿಲ್ಲ. ಸೀನಪ್ಪ ಬಿರಡೆಯನ್ನು ಗಟ್ಟಿಯಾಗಿ ಒತ್ತಿ, ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ನಾವು ನಾಲ್ಕು ಹೆಜ್ಜೆ ನಡೆದಿರಲಿಲ್ಲ, ಹಿಂದೆಯೇ ಬಂದು ನನ್ನನ್ನು ಬಿಟ್ಟು ಅವಳನ್ನು ಕೇಳಿದ:

"ಅಮ್ಮಾ, ನಮ್ಮ ಮನೇಲೂ ಇಂಗೇ ಐತೆ, ಯೋಳಕ್ಕೆ ನಾಚ್ಕೆ ಪಡ್ತಾಳೆ. ಡಾಕ್ಟರಮ್ಮ ಏನಂತಾರೋ ವಸಿ ತಿಳಿಸ್ತೀಯಾ?"

ಆಸ್ಪತ್ರೆಯಲ್ಲಿ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಉರಿ ಇರುವುದು ಮೂತ್ರಕೋಶದಲ್ಲಿ, ಗರ್ಭಕೋಶಕ್ಕೆ ಏನೂ ಆಗಿಲ್ಲ, ಮಾತ್ರೆ ನುಂಗಿ ನೀರು ಚೆನ್ನಾಗಿ ಕುಡಿ, ಬಂದಾಗ ತಡೆದುಕೊಳ್ಳಬೇಡ ಎಂದರು. ಆದಿಲಕ್ಷ್ಮಿ ನಗುತ್ತಾ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು.

ಮುಂದಿನ ವಾರ ಮತ್ತೆ ತೋರಿಸಬೇಕಿತ್ತು. ಆಗ ಖಂಡಿತ ನಾನೇ ಹೇಳುತ್ತೇನೆ ಎಂದು ಮೆಟ್ಟಿಲಿಳಿಯುತ್ತಾ ಶುರುಮಾಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

"ಮಾತು ನಾನಾಡ್ತೀನಿ. ನೀವು ಸೀಸೆ ಇಡ್ಕೊಂಡ್ರೆ ಸಾಕು."